‘ಏನ್ ಬಂತು?’ ಅನ್ನುವ ಮೇಡಂ

ನಮ್ಮ ಮೇಡಂ ಅವರ ಎಡಗಣ್ಣು ಯಾವಾಗಲೂ ಅರ್ಧ ಮುಚ್ಚಿರುತ್ತಿತ್ತು. ವರ್ಷಗಟ್ಟಲೆ ಒಂದೇ ಕಣ್ಣಿನಿಂದ ಸೂಕ್ಷ್ಮದರ್ಶಕದೊಳಗೆ ಇಣುಕಿ, ಮೊಟ್ಟೆಯನ್ನು ಬೆಳಕಿಗೆ ಹಿಡಿದು ಒಳಗಿನ ಮರಿ ಎಷ್ಟು ಬೆಳೆದಿದೆ ಎಂದು ನೋಡಿ ನೋಡಿ, ಆ ರೆಪ್ಪೆ ಇನ್ನು ನಾನು ಮೇಲೇಳುವುದಿಲ್ಲ ಎಂದು ಹಟ ಹಿಡಿದಿತ್ತು. ಇದು ನನಗೆ ಮೊದಲೇ ಗೊತ್ತಿದ್ದರೆ ಚೆನ್ನಾಗಿತ್ತು. ಕೆಲಸದ ಸಂದರ್ಶನಕ್ಕೆ ಹೋದ ದಿನ ಅವರು ನನಗೆ ಕಣ್ಣು ಹೊಡೆದರು ಎಂದೇ ತಿಳಿದೆ. ಹಿರಿಯರು, ಪಾಪ, ಧೈರ್ಯ ತುಂಬುತ್ತಿದ್ದಾರೆ ಎಂದುಕೊಂಡು, ಮರ್ಯಾದೆಗೆ ಕಡಿಮೆಯಾಗಬಾರದೆಂದು ನಾನೂ ಒಂದು ಕಣ್ಣು ಹೊಡೆದೆ.

ಅವರು ನನ್ನ ಅಂಕಪಟ್ಟಿಯನ್ನು ಪಕ್ಕಕ್ಕಿಟ್ಟರು.

“ಕಣ್ಣಿಗಿ ಏನಾಗ್ಯದಪಾ?”

“ಏನಿಲ್ರಿ ಮೇಡಂ. ಧೂಳ ಬಿದ್ದದರಿ.”

“ಎರಡೂ ಕಣ್ಣ ಬರೋಬ್ಬರಿ ಇದ್ದವ್ರು ಬೇಕಾಗ್ಯಾರ ನನಗ. ತೊಳ್ಕೊಂಡು ನಾಳಿಂದ ಬಾ.”

ಹೀಗೆ ನಾನು ಸೇಡಂ ರಸ್ತೆಯ ಆ ಪುಟ್ಟ ಲ್ಯಾಬಿಗೆ ಸೇರಿದೆ. ಮೇಡಂ ನರವಿಜ್ಞಾನಿ. ಹುಟ್ಟುವ ಮೊದಲೇ ಕೆಟ್ಟ ಮಿದುಳನ್ನು ಮತ್ತೆ ಸರಿ ಮಾಡಲಾದೀತೇ ಎಂಬ ಒಂದೇ ಪ್ರಶ್ನೆಯ ಬೆನ್ನು ಹತ್ತಿದವರು. ದೂರದ ದೊಡ್ಡ ಊರುಗಳಲ್ಲಿ ಇಲಿಗಳ ಮೇಲೆ ಕೆಲಸ ಮಾಡಿ, ಹೆಸರೂ ಮಾಡಿ, ಕಲಬುರಗಿಗೆ ಮರಳಿ ಕೋಳಿಮೊಟ್ಟೆ ಹಿಡಿದಿದ್ದರು. ಅವರ ಊರು ಕಮಲಾಪುರದಲ್ಲಿ ಜವಾರಿ ಮೊಟ್ಟೆ ಬೇಕಾದಷ್ಟು ಸಿಗುತ್ತಿದ್ದವು. ಅವನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತರುವುದು ನನ್ನ ಕೆಲಸ.

ಇಲ್ಲೊಂದು ತೊಡಕಿತ್ತು. ಜೇವರ್ಗಿ ಕಾಲೋನಿಯ ನಮ್ಮ ಮನೆಯಲ್ಲಿ ಮೊಟ್ಟೆ ಎಂಬ ಮಾತು ಕಿವಿಗೆ ಬಿದ್ದರೂ ಆಯಿ, ಅಂದರೆ ಅಪ್ಪನ ಅವ್ವ, ಇನ್ನೊಮ್ಮೆ ವಿಭೂತಿ ಹಚ್ಚಿಕೊಳ್ಳುತ್ತಾಳೆ. ನಾನು ‘ಮಿದುಳಿನ ಆಫೀಸಿನಲ್ಲಿ’ ಇದ್ದೇನೆ ಎಂದಷ್ಟೇ ಅವಳಿಗೆ ಗೊತ್ತು. ಒಮ್ಮೆ ಬಸ್ಸಿನಲ್ಲಿ ದೂರದ ಅತ್ತೆಯೊಬ್ಬರು ಪಕ್ಕಕ್ಕೇ ಬಂದು ಕೂತು, ಚೀಲದಲ್ಲಿ ಏನು ಎಂದು ಕೇಳಿದರು. ಕಮಲಾಪುರದ ಕೆಂಪು ಬಾಳೆಹಣ್ಣು ಎಂದೆ. “ಹಂಗಾರ ಒಂದು ಕೊಡು” ಎಂದು ಕೈಚಾಚಿದರು.

“ಇನ್ನೂ ಕಾಯಿ ಅವರೀ ಅತ್ತಿ. ಹಣ್ಣಾಗ್ಲಾಕ ಇಪ್ಪತ್ತೊಂದ್ ದಿನ ಬೇಕ್ರಿ.”

ಅತ್ತೆ ಇಪ್ಪತ್ತೆರಡನೆಯ ದಿನ ನಮ್ಮ ಮನೆಗೆ ಬಂದು ಬಾಳೆಹಣ್ಣು ಕೇಳಿದರು. ಅದು ಬೇರೆ ಕತೆ.

ಒಮ್ಮೆ ಮೇಡಂ ಅವರ ಜೊತೆ ಮೊಟ್ಟೆ ತರಲು ಹೋದಾಗಲೇ ಅವರ ತಂಗಿಯನ್ನು ನೋಡಿದ್ದು. ನಲವತ್ತು ದಾಟಿದ ಹೆಂಗಸು. ಅಂಗಳದಲ್ಲಿ ಕೂತು ತೊಗರಿಕಾಳನ್ನು ಒಂದು ಬುಟ್ಟಿಯಿಂದ ಇನ್ನೊಂದಕ್ಕೆ ಸುರಿಯುತ್ತಿದ್ದರು. ನಾನು ನಮಸ್ಕಾರ ಎಂದೆ. ಅವರು ತಲೆಯೆತ್ತಲಿಲ್ಲ.

“ನಮ್ಮವ್ವ ಕರದ್ರೂ ಈಕಿ ಹಿಂಗ ಇರ್ತಿದ್ಲು” ಎಂದರು ಮೇಡಂ. “ಕಿವಿ ಚಲೋ ಅವ. ಅವ್ವ ಅಂದ್ರ ಯಾರು ಅನ್ನೋದು ಈಕಿ ತಲಿಗಿ ಹತ್ತಲಿಲ್ಲ. ಈಕಿ ಹೊಟ್ಟ್ಯಾಗಿದ್ದಾಗ ಅವ್ವ ತೊಗರಿಗಿ ಎಣ್ಣಿ ಹೊಡ್ಯೋ ಹೊಲದಾಗ ದುಡೀತಿದ್ಲು.”

ಎಣ್ಣಿ ಎಂದರೆ ನಮ್ಮ ಕಡೆ ಕೀಟನಾಶಕ. “ಅದರಿಂದನ ಹಿಂಗ ಆಗಿದ್ದೇನ್ರಿ?” ಎಂದೆ.

“ಊರು ಹೌದಂತದ. ನನಗ ಗೊತ್ತಿಲ್ಲ. ಗೊತ್ತಿಲ್ದಿದ್ದು ಹೇಳಬಾರ್ದು.”

ಕೋಳಿಮರಿ ಕಣ್ಣು ಬಿಟ್ಟಾಗ ಅಲುಗಾಡುವ ಏನನ್ನು ಮೊದಲು ನೋಡುತ್ತದೋ ಅದನ್ನೇ ತಾಯಿ ಎಂದು ನಂಬಿ ಹಿಂದೆ ಓಡುತ್ತದೆ. ಮೊಟ್ಟೆಯೊಳಗಿರುವಾಗಲೇ ವಿಷ ತಾಗಿ ಮಿದುಳು ಕೆಟ್ಟ ಮರಿಗೆ ಅದು ಆಗುವುದಿಲ್ಲ. ತಾಯಿ ಎದುರಿಗೇ ಹೋದರೂ ಸುಮ್ಮನೆ ನಿಲ್ಲುತ್ತದೆ. ಅಂಥ ಮರಿಗೆ, ಅದಿನ್ನೂ ಮೊಟ್ಟೆಯೊಳಗಿರುವಾಗಲೇ, ಎಳೆಯ ಹೊಸ ಜೀವಕೋಶಗಳನ್ನು ಕೊಟ್ಟರೆ ಮಿದುಳು ಸರಿಹೋದೀತೇ? ಮೇಡಂ ಅವರ ಇಡೀ ಜೀವನ ಇಷ್ಟರಲ್ಲೇ ಇತ್ತು. ಫಲಿತಾಂಶ ಕೇಳುವಾಗ ಮಾತ್ರ ಅವರು ‘ಚಲೋ ಬಂತೇನು’ ಎಂದು ಒಮ್ಮೆಯೂ ಕೇಳಿದವರಲ್ಲ. ‘ಏನ್ ಬಂತು?’ ಅಷ್ಟೇ. ಚಲೋ ಬಂತೇನು ಎಂದು ಕೇಳಿದರೆ ನನ್ನಂಥವನ ಬಾಯಿಂದ ಹೌದು ಎಂಬುದು ತಾನಾಗಿ ಉದುರುತ್ತದೆ ಎಂದು ಅವರಿಗೆ ಗೊತ್ತಿತ್ತು.

ಆ ವರ್ಷ ಲ್ಯಾಬಿನ ಗಡುವು ಮುಗಿಯುತ್ತಿತ್ತು. ಮುಂದುವರಿಸಬೇಕೋ ಬಾಗಿಲು ಹಾಕಬೇಕೋ ಎಂದು ನೋಡಲು ಒಂದು ಸಮಿತಿ ಬರುವುದಿತ್ತು. ಅದಕ್ಕೆ ಎಂಟು ದಿನ ಮುಂಚೆ ನಮ್ಮ ಕೊನೆಯ ಬ್ಯಾಚಿನ ಮರಿಗಳು ಒಡೆದು ಹೊರಬಂದವು. ಕತ್ತಲಕೋಣೆಯಲ್ಲಿ ಎರಡು ಪೆಟ್ಟಿಗೆ. ಎಡಗಡೆ ಬರೀ ವಿಷ ತಾಗಿದ ಮರಿಗಳು. ಬಲಗಡೆ ವಿಷ ತಾಗಿದ ಮೇಲೆ ಹೊಸ ಕೋಶ ಪಡೆದವು. ಪರೀಕ್ಷೆಯವರೆಗೆ ಅವು ಏನನ್ನೂ ನೋಡಬಾರದು.

ಈಗ ನಮ್ಮ ಆಯಿಯ ವಿಷಯ. ಮನೆಗೆ ಹೊಸ ಮಿಕ್ಸಿ ಬಂದರೂ ಕರ್ಪೂರ ಬೆಳಗದೆ ಅವಳು ಸ್ವಿಚ್ ಒತ್ತಗೊಡುವುದಿಲ್ಲ. ಆಫೀಸಿನಲ್ಲಿ ಇಂದು ದೊಡ್ಡ ಕೆಲಸ ಇದೆ ಎಂದು ಆ ಬೆಳಗ್ಗೆ ನಾನು ಬಾಯಿಬಿಟ್ಟೆ. ಆಯಿ ನನ್ನ ಕಿಸೆಗೆ ಕರ್ಪೂರದ ಡಬ್ಬಿ, ಕಡ್ಡಿಪೆಟ್ಟಿಗೆ ಎರಡನ್ನೂ ಹಾಕಿದಳು. “ಬೆಳಗಿ ಶುರು ಮಾಡು. ಕೆಡಂಗಿಲ್ಲ.”

ಬಿ.ಎಸ್ಸಿ. ಓದಿದ ನಾನು, ಹೊಳೆಯುವ ಕೆಂಪು ಟೀ ಶರ್ಟ್ ಹಾಕಿಕೊಂಡು ಆ ಕತ್ತಲಕೋಣೆಗೆ ಹೋಗಿ, ಒಂದು ತಟ್ಟೆಯಲ್ಲಿ ಕರ್ಪೂರ ಹಚ್ಚಿ ಬಲಗಡೆಯ ಪೆಟ್ಟಿಗೆಗೆ ಆರತಿ ಎತ್ತಿದೆ. ಗಾಜು ಅಡ್ಡಬಂದರೆ ಪುಣ್ಯ ಒಳಗೆ ಹೋಗಲಿಕ್ಕಿಲ್ಲ ಎಂದು ಮುಚ್ಚಳವನ್ನೂ ತೆಗೆದೆ. ಮರಿಗಳು ಚಿಂವ್ ಚಿಂವ್ ಎನ್ನುತ್ತ ನನ್ನತ್ತ ನುಗ್ಗಿದವು. ಭಕ್ತರನ್ನು ಕಂಡ ಸ್ವಾಮಿಯ ಹಾಗೆ ನಾನು ಕೈಯೆತ್ತಿ ಆಶೀರ್ವಾದ ಮಾಡಿದೆ.

ಪರೀಕ್ಷೆ ಸರಳ. ಪ್ರತಿ ಮರಿಯ ಮುಂದೆ ತಿರುಗುವ ಕೆಂಪು ಡಬ್ಬಿಯೊಂದನ್ನು ತಾಯಿ ಎಂದು ತೋರಿಸುವುದು. ಆಮೇಲೆ ಕೆಂಪು, ನೀಲಿ ಎರಡನ್ನೂ ಇಟ್ಟು ಯಾವುದರತ್ತ ಓಡುತ್ತದೆ ನೋಡುವುದು. ಬಲಗಡೆಯ ಮರಿಗಳು ಒಂದೂ ಬಿಡದೆ ಕೆಂಪು ಡಬ್ಬಿಗೆ ಓಡಿದವು. ಮೇಡಂ ಹೊರಗಿನಿಂದ ಫೋನ್ ಮಾಡಿದರು.

“ಏನ್ ಬಂತು?”

“ಎಲ್ಲಾ ಚಲೋ ಬಂತ್ರಿ ಮೇಡಂ.”

ಅವರು ಬಂದು ನೋಡಿ ಸ್ಟೂಲಿನ ಮೇಲೆ ಕೂತುಬಿಟ್ಟರು. “ಅವ್ವ ಇರಬೇಕಿತ್ತು” ಎಂದರು. ಅಷ್ಟೇ ಹೇಳಿ ಮನೆಗೆ ಹೋದರು.

ಪೆಟ್ಟಿಗೆ ತೊಳೆಯಲು ನಾನು ಮರಿಗಳನ್ನು ನೆಲಕ್ಕೆ ಬಿಟ್ಟೆ. ವರಾಂಡಕ್ಕೆ ಹೋದೆ, ಬಂದವು. ನೀರಿನ ನಲ್ಲಿಗೆ ಹೋದೆ, ಬಂದವು. ನಾನು ನಿಂತರೆ ನಿಲ್ಲುತ್ತಿದ್ದವು. ನನ್ನ ಟೀ ಶರ್ಟ್ ನೋಡಿಕೊಂಡೆ. ಡಬ್ಬಿಯದೇ ಕೆಂಪು; ಡಬ್ಬಿಗಿಂತ ಮೊದಲು ಅವು ನೋಡಿದ್ದು ಇದನ್ನೇ.

ಯಾರೂ ನೋಡಿರಲಿಲ್ಲ. ನಾನು ಸುಮ್ಮನಿದ್ದರೆ ಲ್ಯಾಬು ಉಳಿಯುತ್ತಿತ್ತು. ಹೇಳಿದರೆ ಹೊಸ ಬ್ಯಾಚಿಗೆ ಇಪ್ಪತ್ತೊಂದು ದಿನ ಬೇಕು; ಇರುವುದು ಎಂಟು. ರಾತ್ರಿಯಿಡೀ ಸುಮ್ಮನಿದ್ದೆ. ಬೆಳಗಾದಾಗ ‘ಅವ್ವ ಇರಬೇಕಿತ್ತು’ ಎಂಬ ಮಾತು ನನ್ನನ್ನು ಎಳೆದುಕೊಂಡು ಹೋಗಿ ಅವರ ಮುಂದೆ ನಿಲ್ಲಿಸಿತು.

“ಮೇಡಂ, ಆ ಮರಿಗೋಳು ಡಬ್ಬಿ ಹಿಂದ ಓಡಿಲ್ರಿ. ನನ್ನ ಅಂಗಿ ಹಿಂದ ಓಡ್ಯಾವ.”

ಎಲ್ಲ ಕೇಳಿಸಿಕೊಂಡು, “ಎಷ್ಟ್ ಹೊತ್ತು ಬೆಳಗಿದಿ?” ಎಂದರು.

“ಒಂದ್ ಕರ್ಪೂರದ ಬಿಲ್ಲಿ ಉರಿಯೋತನಕ್ರಿ.”

“ಎಡಗಡಿ ಪೆಟ್ಟಿಗಿಗಿ ಯಾಕ ಬೆಳಗಲಿಲ್ಲ?”

“ಅವು ಹೆಂಗೂ ಸೋಲೋವು ಅಲ್ರಿ ಮೇಡಂ.”

ಅವರು ನೋಂದಣಿ ಪುಸ್ತಕ ತೆಗೆದು ಆ ಬ್ಯಾಚಿನ ಪುಟದ ಮೇಲೆ ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದರು.

“ಕರ್ಪೂರದ ಡಬ್ಬಿ ಇಲ್ಲಿ ಇಡು.” ಅದನ್ನು ಡ್ರಾವರಿಗೆ ಹಾಕಿ ಕೀಲಿ ಹಾಕಿದರು.

“ನನ್ನ ಕೆಲ್ಸದಿಂದ ತಗೀರಿ ಮೇಡಂ.”

“ನಿನ್ನ ತಗದ್ರ ಆ ಮರಿಗೋಳು ತಮ್ಮವ್ವ ಎಲ್ಲಿ ಅಂತ ಅಳ್ತಾವ. ಹೋಗು, ಕಮಲಾಪುರ ಬಸ್ ಹಿಡಿ. ಮೊಟ್ಟಿ ತಗೊಂಡ್ ಬಾ.”

ಸಮಿತಿ ಬಂದ ದಿನ ನಾನು ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದೆ. ಮೇಡಂ ಗೆರೆ ಎಳೆದ ಪುಟವನ್ನೇ ಮೊದಲು ತೆರೆದಿಟ್ಟರು. ಸಮಿತಿಯ ಹಿರಿಯರೊಬ್ಬರು ಓದಿ, “ಕತ್ತಲಕೋಣೆಯಲ್ಲಿ ಬೆಳಕು ಮಾಡಿದ್ದು ಯಾರು?” ಎಂದರು. ನಾನು ತಟ್ಟೆ ಕೆಳಗಿಡಲು ಜಾಗ ಹುಡುಕಿದೆ.

“ನಾವು ಮಾಡಿದ್ದು” ಎಂದರು ಮೇಡಂ.

“ಈ ಪುಟ ನೀವು ತೋರಿಸದಿದ್ದರೆ ನಮಗೆ ತಿಳಿಯುತ್ತಲೇ ಇರಲಿಲ್ಲ.”

“ಮರಿಗೋಳಿಗಿ ತಿಳಿದದಲ್ರಿ.”

ಆ ಹಿರಿಯರು ಪುಸ್ತಕ ಮುಚ್ಚಿ ನಕ್ಕರು. ಇನ್ನೊಂದು ಬ್ಯಾಚಿಗೆ ಅವಕಾಶ ಕೊಟ್ಟರು, ಒಂದೇ ಒಂದಕ್ಕೆ.

ಆ ಬ್ಯಾಚಿನ ದಿನ ನಾನು ಬೂದುಬಣ್ಣದ ಅಂಗಿ ಹಾಕಿ, ಕಿಸೆಗಳನ್ನು ಹೊರಗೆಳೆದು ನಾಯಿಯ ಕಿವಿಗಳ ಹಾಗೆ ಜೋತಾಡಿಸಿಕೊಂಡು ಬಂದೆ. ಎಡಗಡೆಯ ಮರಿಗಳಲ್ಲಿ ಹೆಚ್ಚಿನವು ಎರಡು ಡಬ್ಬಿಗಳ ನಡುವೆ ಸುಮ್ಮನೆ ನಿಂತವು. ಬಲಗಡೆಯವು ಕೆಂಪು ಡಬ್ಬಿಯತ್ತ ಓಡಿದವು. ಎಲ್ಲವೂ ಅಲ್ಲ, ಆದರೆ ಹೆಚ್ಚಿನವು. ಬಲಗಡೆಯ ಕೊನೆಯ ಮರಿ ಬಹಳ ಹೊತ್ತು ಅಲ್ಲಾಡಲಿಲ್ಲ. ಹೋಯಿತು ಇದು ಎಂದುಕೊಂಡೆ. ಆಮೇಲೆ ಅದು ಕತ್ತು ತಿರುಗಿಸಿ ಕೆಂಪು ಡಬ್ಬಿಯನ್ನು ನೋಡಿತು. ತಡವರಿಸುತ್ತ ಒಂದು ಹೆಜ್ಜೆ ಇಟ್ಟು, ಓಡಿತು. ನಾನು ಮೇಡಂ ಅವರತ್ತ ತಿರುಗಿದೆ. ಅವರ ಎರಡೂ ಕಣ್ಣುಗಳು ಪೂರ್ತಿ ತೆರೆದಿದ್ದವು.

ಎಲ್ಲ ಬರೆದು, ಸಹಿ ಮಾಡಿ, ಡ್ರಾವರಿನ ಕೀಲಿ ತೆಗೆದರು. “ತಗೋ. ಈಗ ಬೆಳಗು. ಎರಡೂ ಪೆಟ್ಟಿಗಿಗಿ ಬೆಳಗು.”

ಲ್ಯಾಬು ಉಳಿಯಿತು. ಆಮೇಲೆ ಪತ್ರಿಕೆಯವರು ಬಂದು, ಮಕ್ಕಳಿಗೆ ಇದು ಯಾವಾಗ ಸಿಗುತ್ತದೆ ಎಂದು ಕೇಳಿದರು. “ಕೋಳಿಮರಿಗಿ ಆಗ್ಯದ. ಕೂಸಿಗಿ ಇನ್ನೂ ಬಹಳ ದೂರ ಅದ. ಎರಡೂ ಮಾತು ಬರೀರಿ” ಎಂದರು. ನಮ್ಮ ಮೇಡಂ ಎಂದು ಎದೆಯುಬ್ಬಿಸಿ ಹೇಳಿಕೊಳ್ಳಲು ನನಗೆ ಆ ಗೆದ್ದ ಪುಟದಷ್ಟೇ ಗೆರೆ ಎಳೆದ ಪುಟವೂ ಸಾಕು.

ಈಗ ಅವರು ನಿವೃತ್ತರು. ಕಮಲಾಪುರದಲ್ಲಿ ತಂಗಿಯ ಜೊತೆಗಿದ್ದಾರೆ. ಕತ್ತಲಕೋಣೆಯ ಕೀಲಿ ನನ್ನ ಕೈಯಲ್ಲಿದೆ. ಮರಿ ಒಡೆಯುವ ದಿನವನ್ನು ಅವರು ಮರೆಯುವುದಿಲ್ಲ; ಸಂಜೆ ಫೋನ್ ಬರುತ್ತದೆ. ಮೊನ್ನೆಯೂ ಬಂತು.

“ಏನ್ ಬಂತು?”

“ಒಂದು ಪೆಟ್ಟಿಗಿ ಕೆಟ್ಟದ್ರಿ ಮೇಡಂ. ಕಾವು ಹೆಚ್ಚಾಗ್ಯದ. ನನ್ನ ಕೈಯಿಂದನ.”

“ಬರದಿಯೇನು?”

“ಬರದೀನ್ರಿ.”

“ಹಂಗಾರ ನಾಳಿ ಬಾ. ಮೊಟ್ಟಿ ತೆಗೆದಿಟ್ಟೀನಿ.”