ಬಲಗೆನ್ನೆಯ ಗುಟುಕು

ಆ ಬೀದಿಯಲ್ಲಿ ಅವನನ್ನು ಎಲ್ಲರೂ ಅಳತೆ ಮಾಸ್ತರ ಎನ್ನುತ್ತಾರೆ. ಅಂಗಿ ಹೊಲಿಸಲು ಬಂದವರ ಹೆಗಲನ್ನು ಎರಡು ಸಲ ಅಳೆಯುತ್ತಾನೆ. ಎರಡೂ ಸಲ ಅಳತೆ ಒಂದೇ ಬಂದರೆ ಟೇಪಿನ ಮೇಲೇ ಗುಮಾನಿ ಬಂದು ಒಳಗಿನಿಂದ ಇನ್ನೊಂದು ಟೇಪು ತರುತ್ತಾನೆ.

ಗುಮಾನಿ ಅವನ ಹುಟ್ಟುಗುಣ. ಬಟ್ಟೆ ಅಪ್ಪಟ ಹತ್ತಿಯದು ಎಂದು ಯಾರಾದರೂ ಹೇಳಿದರೆ ಅಂಚಿನಿಂದ ಒಂದು ಎಳೆ ಕಿತ್ತು, ಕಡ್ಡಿ ಗೀರಿ ಸುಟ್ಟು, ಮೂಸಿ ನೋಡಿಯೇ ನಂಬುವುದು. ಗಿರಾಕಿ ಹೊಲಿಗೆಯನ್ನು ಹೊಗಳಿದರೆ, ಇವನು ಏನೋ ಕೇಳಲು ಪೀಠಿಕೆ ಹಾಕುತ್ತಿದ್ದಾನೆ ಎಂದು ಹುಬ್ಬೇರಿಸುತ್ತಾನೆ. ಹೆಂಡತಿ ನಕ್ಕರೆ ಯಾಕೆ ನಕ್ಕಳು ಎಂದು ಯೋಚನೆ. ನಗದಿದ್ದರೆ ಇನ್ನೂ ದೊಡ್ಡ ಯೋಚನೆ. ಇಂಥ ಮನುಷ್ಯ ಎಂದೂ ಅನುಮಾನಪಡದೆ ಬಿಟ್ಟದ್ದು ಇಸ್ತ್ರಿ ಮೇಜಿನ ಕೆಳಗಿನ ಖಾನೆಯಲ್ಲಿದ್ದ ಒಂದು ಪುಟ್ಟ ಗಾಜಿನ ಲೋಟವನ್ನು ಮಾತ್ರ.

ಸಂಜೆ ಅಂಗಡಿಯ ಬಾಗಿಲು ಎಳೆದ ಮೇಲೆ ಆ ಲೋಟಕ್ಕೆ ಎರಡು ಬೆರಳಿನಷ್ಟು ಬ್ರಾಂದಿ ಬೀಳುತ್ತಿತ್ತು. ತೊಟ್ಟೂ ಹೆಚ್ಚಿಲ್ಲ. ನೀರು ಬೆರೆಸುತ್ತಿರಲಿಲ್ಲ, ಬೆರೆಸಿದರೆ ಲೋಟ ತುಂಬುತ್ತದೆ, ತುಂಬಿದ ಲೋಟ ಕಂಡವರು ಏನೆಂದುಕೊಂಡಾರು? ಅಷ್ಟು ಸ್ವಲ್ಪವನ್ನು ಗಟಗಟ ಕುಡಿದರೆ ಮುಗಿದೇ ಹೋಗುತ್ತದಲ್ಲ, ಅದಕ್ಕೂ ಅವನು ಒಂದು ಉಪಾಯ ಕಂಡುಕೊಂಡಿದ್ದ. ಒಂದು ಗುಟುಕು ಹೀರಿ ಬಲಗೆನ್ನೆಗೆ ತಳ್ಳುವುದು, ಅಲ್ಲೇ ಇಟ್ಟುಕೊಂಡು ಅಂಗಿಗೆ ಒಂದು ಗುಂಡಿ ಹಚ್ಚುವುದು, ಗುಂಡಿ ಗಟ್ಟಿಯಾದ ಮೇಲೆ ನುಂಗುವುದು. ಆಮೇಲೆ ಮುಂದಿನ ಗುಂಡಿ, ಮುಂದಿನ ಗುಟುಕು. ಅಂಗಿ ಮುಗಿಯುವಾಗ ಲೋಟವೂ ಮುಗಿಯುತ್ತಿತ್ತು.

ಬಾಯಿ ತುಂಬಿರುವಾಗ ಮಾತಾಡುವುದು ಹೇಗೆ? ಹೆಂಡತಿ ಎದುರಿಗೆ ಕೂತು ಗುಂಡಿ ತೂರುವ ಕಾಜಾ ತೆಗೆಯುತ್ತ ಮನೆಯ ಸುದ್ದಿ, ಬೀದಿಯ ಸುದ್ದಿ ಎಲ್ಲ ಹೇಳಿದರೆ ಅವನದು "ಹ್ಞೂಂ" ಒಂದೇ. ಮಗಳ ಮದುವೆ ಕೂಡ ಒಂದು ಹ್ಞೂಂನಲ್ಲೇ ನಿಶ್ಚಯವಾಯಿತು ಎಂದು ಆಕೆ ಈಗಲೂ ಹಂಗಿಸುತ್ತಾಳೆ.

ನಿಜವಾದ ಕುಡುಕ ಎಂದರೆ ಅವನ ಅಕ್ಕನ ಗಂಡ. ಕುಡಿಯಲು ಕೂತರೆ ಬಾಟಲಿಯ ತಳ ಕಾಣಬೇಕು, ಜೊತೆಗೆ ಸಿಗರೇಟಿನ ಮೇಲೆ ಸಿಗರೇಟು. ಮಾಸ್ತರ ಅವನಿಗೆ ಬುದ್ಧಿ ಹೇಳದ ದಿನವಿಲ್ಲ.

"ಭಾವ, ಕುಡೀಬೇಡಿ ಅಂತ ನಾನು ಹೇಳಲ್ಲ. ಆದ್ರೆ ಅದಕ್ಕೂ ಒಂದು ಅಳತೆ ಬೇಕು."

"ನಿಂದು ಕುಡಿಯೋದಲ್ಲ ಕಣೋ," ಎನ್ನುತ್ತಿದ್ದ ಭಾವ, ಹೊಗೆ ಬಿಡುತ್ತ. "ಬಾಯಿ ಮುಕ್ಕಳಿಸೋದು."

ಮಾಸ್ತರ ಆ ಮಾತಿಗೆ ಸೊಪ್ಪು ಹಾಕುತ್ತಿರಲಿಲ್ಲ.

ಒಂದು ದಿನ ನಾಲಿಗೆಯ ಬಲ ಅಂಚಿನಲ್ಲಿ ಸಣ್ಣ ಹುಣ್ಣು ಕಾಣಿಸಿಕೊಂಡಿತು. ಬಿಳಿಚಿಕೊಂಡಿತ್ತು, ಮುಟ್ಟಿದರೆ ಗಟ್ಟಿ, ಖಾರ ತಗುಲಿದರೆ ಚುರ್ ಎನ್ನುತ್ತಿತ್ತು. ಮಾಸ್ತರನ ಮೊದಲ ಗುಮಾನಿ ಹೋದದ್ದು ಗುಂಡುಸೂಜಿಗಳ ಮೇಲೆ. ಬಟ್ಟೆಗೆ ಚುಚ್ಚುವಾಗ ಅವನು ಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಳ್ಳುತ್ತಾನೆ. ಹೊಸ ಡಬ್ಬಿಯ ಸೂಜಿಗೆ ತುಕ್ಕು ಹಿಡಿದಿರಬೇಕು ಎಂದು ಎಲ್ಲವನ್ನೂ ಬಿಳಿ ಬಟ್ಟೆಯ ಮೇಲೆ ಸುರಿದು ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಒಂದೂ ಕೆಟ್ಟಿರಲಿಲ್ಲ. ಆದರೂ ಡಬ್ಬಿ ಬದಲಾಯಿಸಿದ. ಆಮೇಲೆ ಹಲ್ಲುಜ್ಜುವ ಪೇಸ್ಟು ಬದಲಾಯಿತು. ಆಮೇಲೆ ಊಟಕ್ಕೆ ಕೂತಾಗಲೆಲ್ಲ ತಟ್ಟೆಯನ್ನು ತನಿಖೆ ಮಾಡಿದ.

"ಖಾರದ ಪುಡಿ ಬದಲಾಯಿಸಿದ್ಯಾ?"

"ಅದೇ ಪುಡಿ. ಬದಲಾಗಿರೋದು ನಿಮ್ಮ ಮುಖ," ಎಂದಳು ಹೆಂಡತಿ.

ವಾರಗಳು ಕಳೆದರೂ ಹುಣ್ಣು ಮಾಯಲಿಲ್ಲ. ಗಿರಾಕಿಗಳು ಬಟ್ಟೆ ಹಾಕಿ ನೋಡುವ ಪರದೆಯ ಹಿಂದೆ ಒಂದು ಕನ್ನಡಿಯಿತ್ತು. ಮಾಸ್ತರ ಅಲ್ಲಿ ನಿಂತು ನಾಲಿಗೆ ಹೊರಚಾಚಿ ನೋಡಿಕೊಳ್ಳುವುದು ಅಭ್ಯಾಸವಾಯಿತು. ಕೋಟು ತೊಟ್ಟು ನೋಡಲು ಬಂದ ದಪ್ಪನೆಯ ಶಾಲಾ ಮೇಷ್ಟರೊಬ್ಬರು ಪರದೆ ಸರಿಸಿದಾಗ ಕನ್ನಡಿಯಲ್ಲಿ ಆ ನಾಲಿಗೆ ತಮ್ಮನ್ನೇ ಅಣಕಿಸಿದಂತೆ ಕಂಡು, ಕೋಟು ಬಿಟ್ಟು ಹೊರಟೇ ಹೋದರು. ಅದನ್ನು ನೋಡಿ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ ಗಂಡನನ್ನು ಬೆಳಕಿಗೆ ತಿರುಗಿಸಿ ನಿಲ್ಲಿಸಿದಳು.

"ಎಲ್ಲಿ, ಬಾಯಿ ತೆಗೀರಿ."

ಅವನು ತೆಗೆದ. ಮರುದಿನ ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿಸಿ ಅವನನ್ನು ದೊಡ್ಡಾಸ್ಪತ್ರೆಗೆ ಎಳೆದುಕೊಂಡು ಹೋದಳು.

ಬಾಯಿಯ ರೋಗ ನೋಡುವ ಡಾಕ್ಟರಮ್ಮನನ್ನು ಮಾಸ್ತರ ಮೊದಲು ಅಡಿಯಿಂದ ಮುಡಿಯವರೆಗೆ ಅಳೆದ. ಬಿಳಿ ಕೋಟಿನ ತೋಳು ಒಂದು ಉದ್ದ, ಒಂದು ಗಿಡ್ಡ. ಇಂಥ ಕೋಟು ತೊಟ್ಟವರು ನನ್ನ ನಾಲಿಗೆಯನ್ನು ಸರಿಯಾಗಿ ನೋಡಿಯಾರೇ ಎಂದು ಅಲ್ಲೂ ಗುಮಾನಿ.

"ಸೂಜಿ ಚುಚ್ಚಿದ್ದು ಡಾಕ್ಟ್ರೇ," ಎಂದ.

"ಸೂಜಿ ಯಾವ ಕಡೆ ಕಚ್ಕೊಳ್ತೀರಿ?"

"ಎಡಗಡೆ."

"ಹುಣ್ಣು ಬಲಗಡೆ ಇದೆಯಲ್ಲ ಯಜಮಾನ್ರೇ." ಆಕೆ ದೀಪವನ್ನು ಹತ್ತಿರ ತಂದಳು. "ತಂಬಾಕು, ಸಿಗರೇಟು?"

"ಜನ್ಮದಲ್ಲಿ ಮುಟ್ಟಿಲ್ಲ."

"ಕುಡಿಯೋದು?"

"ಇದೆ. ಆದ್ರೆ ಅಳತೆ ಮೀರಲ್ಲ. ಬೇಕಾದ್ರೆ ಇವಳನ್ನ ಕೇಳಿ."

ಡಾಕ್ಟರಮ್ಮ ಮುಂದೆ ಕೇಳಲಿಲ್ಲ. ಹುಣ್ಣಿನಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು, ಮೊದಲು ಬಾಯಿ ಮುಕ್ಕಳಿಸಿ ಉಗುಳಿ ಎಂದು ನೀರು ಕೊಟ್ಟಳು. ಮಾಸ್ತರ ನೀರು ಹೀರಿದ. ತಟ್ಟೆಯಲ್ಲಿದ್ದ ಪುಟ್ಟ ಕತ್ತರಿಯ ಮೇಲೆ ಕಣ್ಣು ನೆಟ್ಟು, ಇದಕ್ಕೆ ಸಾಣೆ ಹಿಡಿದಿದ್ದಾರೋ ಇಲ್ಲವೋ ಎಂದು ಯೋಚಿಸುತ್ತ ಹಾಗೇ ಕೂತುಬಿಟ್ಟ. ನೀರು ತನ್ನಷ್ಟಕ್ಕೆ ಬಲಗೆನ್ನೆಗೆ ಸರಿಯಿತು. ಕೆನ್ನೆ ಉಬ್ಬಿತು.

ಹೆಂಡತಿಗೆ ನಗು ಬಂತು. "ಸಂಜೆ ಹೀಗೇ ಕೂತಿರ್ತಾರೆ ಡಾಕ್ಟ್ರೇ, ಬ್ರಾಂದಿ ಬಾಯಲ್ಲಿಟ್ಕೊಂಡು. ಅದೂ ನೀರು ಬೆರೆಸದೆ. ಎಷ್ಟು ವರ್ಷದಿಂದ ನೋಡ್ತಿದ್ದೀನಿ. ನಾನು ಏನು ಹೇಳಿದ್ರೂ ಹ್ಞೂಂ ಅಷ್ಟೇ."

ಡಾಕ್ಟರಮ್ಮ ನಗಲಿಲ್ಲ. ಆಕೆ ನಗದಿದ್ದುದನ್ನು ಕಂಡು ಹೆಂಡತಿಯ ನಗುವೂ ಅರ್ಧಕ್ಕೇ ನಿಂತಿತು. ಮಾಸ್ತರ ನೀರು ಉಗುಳಿದ.

"ಸ್ವಲ್ಪಾನೇ ಅಲ್ವಾ ಡಾಕ್ಟ್ರೇ," ಎಂದ ಮೆಲ್ಲಗೆ.

"ಜಾಸ್ತಿ ಕುಡಿದ್ರೆ ಅಪಾಯ ಜಾಸ್ತಿ, ಕಮ್ಮಿ ಕುಡಿದ್ರೆ ಕಮ್ಮಿ. ಆದ್ರೆ ಬಾಯಿಯ ವಿಷಯದಲ್ಲಿ ಇಷ್ಟು ಕುಡಿದ್ರೆ ಏನೂ ಆಗಲ್ಲ ಅನ್ನೋ ಅಳತೆ ಇಲ್ಲ. ಅದರ ಮೇಲೆ ನೀವು ಅದನ್ನ ನುಂಗೋದು ಬಿಟ್ಟು ಬಾಯನ್ನೇ ಅದರಲ್ಲಿ ನೆನೆಹಾಕಿದ್ದೀರಿ. ಇದರಿಂದಲೇ ಆಯ್ತು ಅಂತ ಗಟ್ಟಿಯಾಗಿ ಹೇಳೋಕೆ ನನಗೂ ಆಗಲ್ಲ. ಮೊದಲು ಪರೀಕ್ಷೆ ಆಗ್ಲಿ."

ಪರೀಕ್ಷೆಯ ಫಲ ಬರುವವರೆಗೆ ಮಾಸ್ತರ ಲೋಟದ ಮುಂದೆ ಕೂತಿರುತ್ತಿದ್ದ, ಸುರಿದುಕೊಳ್ಳುತ್ತಿರಲಿಲ್ಲ. ಲೋಟವನ್ನು ಎತ್ತಿ ಬೆಳಕಿಗೆ ಹಿಡಿದು ಎಲ್ಲ ಕಡೆ ತಿರುಗಿಸಿ ನೋಡುತ್ತಿದ್ದ. ಲೋಕದ ಸೂಜಿ, ನೂಲು, ಜನ ಎಲ್ಲರನ್ನೂ ಅನುಮಾನಿಸಿದೆ, ನಿನ್ನನ್ನೊಂದು ಬಿಟ್ಟೆನಲ್ಲ ಎಂದು ಲೋಟಕ್ಕೇ ಹೇಳಿದ. ಇಂಥ ರೋಗ ಬರುವುದಿದ್ದರೆ ಭಾವನಿಗೆ ಬರಬೇಕಿತ್ತು ಎಂದೂ ಅನಿಸಿತು. ಅನಿಸಿದ್ದಕ್ಕೆ ನಾಚಿಕೆಯಾಯಿತು, ಆದರೂ ಇನ್ನೊಂದು ಸಲ ಅನಿಸಿತು.

ಫಲ ಬಂತು. ಕ್ಯಾನ್ಸರೇ. ಬೇಗ ಸಿಕ್ಕಿದೆ, ಕತ್ತರಿಸಿ ತೆಗೆಯಬಹುದು ಎಂದಳು ಡಾಕ್ಟರಮ್ಮ. ಕಳಿಸಿದ ಚೂರು ಅದಲುಬದಲಾಗಿಲ್ಲ ತಾನೆ ಎಂದು ಮಾಸ್ತರ ಮೂರು ಬಗೆಯಲ್ಲಿ ಕೇಳಿದ. ಆಕೆ ಮೂರಕ್ಕೂ ಬೇಸರಪಡದೆ ಇಲ್ಲ ಎಂದಳು. "ಹುಣ್ಣಷ್ಟೇ ತೆಗೆದ್ರೆ ಸಾಲಲ್ಲ. ಸುತ್ತಲೂ ಸ್ವಲ್ಪ ಮಾರ್ಜಿನ್ ಬೇಕು."

ಆ ಮಾತಿಗೆ ಮಾಸ್ತರನ ಕಿವಿ ನಿಮಿರಿತು. "ನಾವೂ ಬಟ್ಟೆ ಬಿಡ್ತೀವಿ ಡಾಕ್ಟ್ರೇ, ಹೊಲಿಗೆಯ ಎರಡೂ ಕಡೆ. ಮುಂದೆ ಮನುಷ್ಯ ದಪ್ಪಗಾದ್ರೆ ಬಿಚ್ಚೋಕಿರ್ಲಿ ಅಂತ. ನೀವೆಷ್ಟು ಬಿಡ್ತೀರಿ?"

"ನಾವು ಬಿಡಲ್ಲ ಯಜಮಾನ್ರೇ. ಅದನ್ನೂ ಸೇರಿಸಿ ತೆಗೀತೀವಿ."

ಮಾತು ಮೊದಲಿನಂತೆ ಬರುತ್ತದೆಯೇ ಎಂದು ಹೆಂಡತಿಯೇ ಕೇಳಿದಳು. ತೊದಲಬಹುದು, ಎಷ್ಟು ಸರಿಹೋಗುತ್ತದೆ ಎಂದು ಈಗಲೇ ಹೇಳಲಾಗದು ಎಂಬ ಉತ್ತರ ಬಂತು.

ಆಸ್ಪತ್ರೆಗೆ ಸೇರುವ ಹಿಂದಿನ ಸಂಜೆ ಅವನು ಬಾಗಿಲು ಎಳೆದು, ಎಂದಿನಂತೆ ಗುಂಡಿ ಹಚ್ಚಲು ಕೂತ. ಹೆಂಡತಿ ಎದುರಿಗೆ ಕಾಜಾ ತೆಗೆಯಲು ಕೂತಳು. ಖಾನೆಯಲ್ಲಿ ಲೋಟವಿರಲಿಲ್ಲ. ಹೆಂಡತಿ ಅದನ್ನು ಎಲ್ಲೋ ಸಾಗಹಾಕಿದ್ದಳು.

ಮಾಸ್ತರ ಮಾತಿಗೆ ಶುರುವಿಟ್ಟ. ಇಷ್ಟು ವರ್ಷ ಕೆನ್ನೆಯಲ್ಲಿ ತಡೆದಿಟ್ಟದ್ದೆಲ್ಲ ಒಮ್ಮೆಗೇ ಹೊರಬರುವಂತೆ ಮಾತಾಡಿದ. ಮಗಳ ಮದುವೆಗೆ ಹ್ಞೂಂ ಅಂದದ್ದು ಸುಮ್ಮನೆ ಅಲ್ಲ, ಹುಡುಗನ ಅಂಗಡಿಗೆ ಎರಡು ಸಲ ಗುಟ್ಟಾಗಿ ಹೋಗಿ ನೋಡಿ ಬಂದಿದ್ದೆ ಎಂದ. ಮೇಷ್ಟರ ಕೋಟನ್ನು ನೀನೇ ಮನೆಗೆ ಕೊಟ್ಟು ಬಾ ಎಂದ. ನಡುವೆ ಒಂದು ಗುಂಡಿ ಉಲ್ಟಾ ಹಚ್ಚಿದ, ಬಿಚ್ಚಿ ಮತ್ತೆ ಹಚ್ಚಿದ.

"ಮದುವೆಯಾದ ಹೊಸದ್ರಲ್ಲಿ ನಿಂಗೊಂದು ನೀಲಿ ರವಿಕೆ ಹೊಲಿದಿದ್ದೆ, ನೆನಪಿದ್ಯಾ? ಟೇಪು ಹಿಡಿಯೋಕೆ ನಾಚಿಕೆಯಾಗಿ ಕಣ್ಣಂದಾಜಲ್ಲೇ ಕತ್ತರಿಸ್ಬಿಟ್ಟೆ. ಬಿಗಿಯಾಗಿತ್ತು ಅಲ್ವಾ? ನೀನು ಒಂದು ಮಾತೂ ಹೇಳ್ದೆ ಹರಿಯೋವರೆಗೂ ಹಾಕ್ಕೊಂಡೆ. ಯಾಕೆ ಹೇಳ್ಲಿಲ್ಲ ಅಂತ ಇವತ್ತಿಗೂ ನಂಗೆ ಅನುಮಾನ."

ಅವನು ತಲೆಯೆತ್ತಿ ನೋಡಿದ. ಅವಳ ಸೂಜಿ ಆಗಿನಿಂದಲೂ ಅದೇ ಕಾಜಾದಲ್ಲಿ ನಿಂತಿತ್ತು.

"ಕೇಳಿಸ್ಕೊಳ್ತಿದ್ದೀಯಾ?"

ಅವಳು ತುಟಿ ಬಿಗಿಹಿಡಿದು, ತಲೆ ತಗ್ಗಿಸಿಕೊಂಡೇ, "ಹ್ಞೂಂ," ಎಂದಳು.