ನಾನು ಜಿಮ್ಮಿಗೆ ಹೋದ ಸಂಜೆಗಳು

ಜಿಮ್ಮಿನಿಂದ ಬಂದು ಎಷ್ಟು ತೊಳೆದರೂ ಅಂಗೈಯಲ್ಲಿ ಕಬ್ಬಿಣದ ವಾಸನೆ ಉಳಿದಿರುತ್ತದೆ. ನಿನ್ನೆ ರೊಟ್ಟಿಯ ಹಿಟ್ಟಿಗೆ ಕೈ ಹಾಕುವಾಗ ಅದೇ ವಾಸನೆ ಮೂಗಿಗೆ ಬಡಿಯಿತು. ನೆಗೆಣ್ಣಿ ನೆನಪಾದಳು. ನಾನು ಒಳಗೆ ಕಾಲಿಟ್ಟೊಡನೆ "ಬಂತ ನೋಡು ಕಬ್ಬಿಣದ ಅಂಗಡಿ" ಎಂದು ನಗುತ್ತಿದ್ದಳು...

ನನ್ನ ಗಂಡನ ಅಣ್ಣನ ಹೆಂಡತಿ ಅವಳು. ನಾನು ಮುದ್ದೇಬಿಹಾಳದವಳು, ಅವಳು ಆಲಮೇಲದ ಕಡೆಯವಳು. ಸಿಂದಗಿಯ ಮನೆಯಲ್ಲಿ ಒಂದೇ ಒಲೆಯ ಮುಂದೆ ಇಬ್ಬರಿಗೂ ವಯಸ್ಸಾಯಿತು. ಐವತ್ತು ದಾಟಿದ ಮೇಲೆ ನನಗೆ ಮೊಣಕಾಲು ನೋವು, ಅವಳಿಗೆ ಸೊಂಟದ್ದು. ಕೂಡಿಯೇ ವಿಜಯಪುರಕ್ಕೆ ಹೋಗಿ ತೋರಿಸಿಕೊಂಡೆವು.

"ಇಬ್ಬರದೂ ಎಲುಬು ಸವದಾವು" ಎಂದರು ಡಾಕ್ಟರ್ ಬಾಯಿಯವರು. "ಗುಳಿಗಿ ಕೊಡ್ತೇನಿ. ಆದ್ರ ಬರೇ ಅಡ್ಡಾಡಿದ್ರ ಸಾಲಂಗಿಲ್ಲ, ಕಲ್ತವರ ಕಡೆ ಹೋಗಿ ಭಾರ ಎತ್ತೂದು ಕಲೀರಿ."

ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅದನ್ನೇ ನೆನೆದು ನಕ್ಕೆವು. ಆದರೆ ನಮ್ಮ ಓಣಿಯ ಹತ್ತಿರವೇ ಒಂದು ಜಿಮ್ಮಿತ್ತು. ಇಂಡಿ ಊರಿನ ಹುಡುಗಿಯೊಬ್ಬಳು ಸಂಜೆ ಹೆಂಗಸರಿಗೆ ಕಲಿಸುತ್ತಿದ್ದಳು. ಹೋಗಬೇಕೆಂದು ಇಬ್ಬರಿಗೂ ಆಸೆ. ಅತ್ತೆಯವರು ಹಾಸಿಗೆ ಹಿಡಿದಿದ್ದರು, ಒಬ್ಬರು ಮನೆಯಲ್ಲಿ ಇರಲೇಬೇಕಿತ್ತು.

"ನೀ ಹೋಗು ತಂಗಿ" ಎಂದಳು ಅವಳು. "ನಂದು ದಿನಾ ಎತ್ತೂದ ಐತಿ. ನೀರಿನ ಕೊಡ, ಹಿಟ್ಟಿನ ಡಬ್ಬಿ, ನಮ್ಮತ್ತಿ."

ನಾನು ಒಂದು ಮಾತಿಗಾದರೂ ಬೇಡವೆನ್ನಲಿಲ್ಲ. ಮೈಮೇಲಿನ ಮನೆಯ ಭಾರ ಇಳಿದಷ್ಟು ಹಗುರಾಗಿ ಹೊರಟೆ.

ಮೊದಮೊದಲು ಮೈಕೈ ಹಿಡಿದುಕೊಂಡವು. ಬರಬರುತ್ತ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುವುದು ತಪ್ಪಿತು. ರಾತ್ರಿ ನಿದ್ದೆ ಬಂತು, ರಕ್ತದಲ್ಲಿನ ಸಕ್ಕರೆ ಅಂಶ ಇಳಿಯಿತು. ಓಣಿಯಲ್ಲಿ ಇದನ್ನು ಹೇಳಿಕೊಂಡು ತಿರುಗಿದವಳು ನಾನಲ್ಲ, ನೆಗೆಣ್ಣಿ. "ನಮ್ಮಾಕಿ ಈಗ ನೆಲದ ಮ್ಯಾಲಿಂದ ಕೈ ಊರಲಾರದ ಏಳ್ತಾಳ್ರಿ!"

ಮನೆಯಲ್ಲೇ ಒಬ್ಬರನ್ನು ದಿನಾ ಎತ್ತಿ ಕೂಡಿಸುವ ಅಕ್ಕ ಇದ್ದಾಳೆಂದು ಒಮ್ಮೆ ಜಿಮ್ಮಿನ ಆ ಹುಡುಗಿಗೆ ಹೇಳಿದೆ. ಅವಳ ಮುಖ ಗಂಭೀರವಾಯಿತು. "ಬೆನ್ನು ಬಗ್ಗಿಸಿ ಗಡಿಬಿಡಿಲೆ ಎತ್ತಿದ್ರ ಅದು ದಣಿವ್ರಿ, ತಾಲೀಮಲ್ಲ. ಮೈಗೆ ವಿಶ್ರಾಂತಿ ಬೇಕು, ಊಟ ಬೇಕು, ಭಾರ ಹಂತ ಹಂತವಾಗಿ ಏರಬೇಕು. ಅವರನ್ನೂ ಕರಕೊಂಡ ಬರ್ರಿ."

ಮನೆಗೆ ಬಂದು ಹೇಳಿದೆ. "ಹಂಗಾರ ನೀನ ತೋರ್ಸು" ಎಂದಳು ನೆಗೆಣ್ಣಿ. ಕುರ್ಚಿಯ ಮೇಲೆ ಕೂಡಿಸಿ, ಎದೆಗೆ ಜೋಳದ ಹಿಟ್ಟಿನ ಚೀಲ ಅಪ್ಪಿಕೊಳ್ಳಲು ಹೇಳಿ, ನಿಧಾನ ಏಳು, ನಿಧಾನ ಕೂಡು ಎಂದೆ. ಅವಳ ತೊಡೆಗಳು ಗಡಗಡ ನಡುಗಿದವು. ಆದರೂ ಬಿಡಲಿಲ್ಲ. "ಯವ್ವಾ, ಇಷ್ಟ ದಿನಾ ಇವು ನನ್ನ ಕಾಲ ಹೌದೋ ಅಲ್ಲೋ?" ಎಂದು ನಗುನಗುತ್ತ ಏಳುವಷ್ಟರಲ್ಲಿ ಒಳಗಿನಿಂದ ಅತ್ತೆ ಕೂಗಿದರು. ಚೀಲವನ್ನು ನನ್ನ ಕೈಗಿಟ್ಟು ಓಡಿದಳು.

ನಾಳೆ ಮುಂದುವರಿಸೋಣ ಎಂದುಕೊಂಡೆವು. ಮರುದಿನ ನಾನು ದಣಿದು ಬಂದಿದ್ದೆ, ಅದರ ಮರುದಿನ ಬೀಗರು ಬಂದಿದ್ದರು, ಆಮೇಲೆ...

ಅತ್ತೆ ತೀರಿಕೊಂಡ ಮೇಲೆ ಇಬ್ಬರೂ ಹೋಗುವುದೆಂದು ನಿಕ್ಕಿಯಾಯಿತು. ಕರ್ಮಾದಿಗಳು ಮುಗಿಯಲಿ ಎಂದು ಕಾದೆವು. ಅಷ್ಟರಲ್ಲಿ ಒಂದು ಬೆಳಿಗ್ಗೆ ನೆಗೆಣ್ಣಿ ಬಚ್ಚಲಲ್ಲಿ ಜಾರಿದಳು. ಜೋರಾಗಿ ಬಿದ್ದದ್ದಲ್ಲ ಅದು, ಕೂತಂತೆ ಬಿದ್ದದ್ದು. ಅಷ್ಟಕ್ಕೇ ಸೊಂಟದ ಎಲುಬು ಮುರಿದಿತ್ತು.

ಆಪರೇಷನ್ ಆಯಿತು. ಆದರೆ ಕಾಲಲ್ಲಿ ಕಸುವೇ ಉಳಿದಿರಲಿಲ್ಲ. ಹಾಸಿಗೆಯಿಂದ ಅವಳನ್ನು ಎತ್ತುವುದು, ಹೊರಳಿಸುವುದು, ಕೂಡಿಸುವುದು ಎಲ್ಲ ನನ್ನ ಪಾಲಿಗೆ ಬಂತು. ಯಾರ ಸಹಾಯವೂ ಬೇಕಾಗಲಿಲ್ಲ. ಮೊಣಕಾಲು ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು, ಕಲಿತಂತೆಯೇ ಎತ್ತುತ್ತಿದ್ದೆ. ಒಂದು ದಿನ ನನ್ನ ಕೊರಳಿಗೆ ಕೈ ಹಾಕಿಕೊಂಡೇ ಹೇಳಿದಳು:

"ನೀ ಗಟ್ಟಿ ಆಗಿದ್ದು ನನಗ ಉಪಯೋಗಕ್ಕ ಬಂತ ನೋಡು."

ಚುಚ್ಚಿ ಆಡಿದ ಮಾತಲ್ಲ ಅದು. ಅವಳಿಗೆ ಹಾಗೆ ಮಾತಾಡಲು ಬರುತ್ತಲೇ ಇರಲಿಲ್ಲ. ಚುಚ್ಚಿದ್ದರೆ ಒಳ್ಳೆಯದಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ. ಮಲಗಿದಲ್ಲೇ ಎದೆಯಲ್ಲಿ ಕಫ ಕಟ್ಟಿ, ಚಳಿಗಾಲ ದಾಟುವ ಮೊದಲೇ ಹೋಗಿಬಿಟ್ಟಳು.

ಬಸವನ ಬಾಗೇವಾಡಿಯಲ್ಲಿರುವ ಅವಳ ಮಗಳು ಫೋನು ಮಾಡಿದಾಗೆಲ್ಲ "ಚಿಕ್ಕವ್ವಾ, ನಮ್ಮವ್ವನ ಭಾಳ ಚಂದ ನೋಡಿಕೊಂಡ್ರಿ" ಎನ್ನುತ್ತಾಳೆ. ನಾನು ಮಾತು ಬದಲಿಸುತ್ತೇನೆ. ಅವಳ ಅವ್ವನ ಸಂಜೆಗಳನ್ನು ನನ್ನ ಮೈಗೆ ತುಂಬಿಕೊಂಡೆ ಎಂದು ಹೇಗೆ ಹೇಳಲಿ?

ಇವತ್ತು ಸಿಲಿಂಡರು ತಂದವನು ಬಾಗಿಲಲ್ಲೇ ಇಳಿಸಿ ಹೊರಡುವ ಅವಸರದಲ್ಲಿದ್ದ. ನಾನೇ ಎತ್ತಿ ಹೊಸ್ತಿಲು ದಾಟಿಸಿದೆ. "ಈ ವಯಸ್ಸಿನಾಗ ಭಾಳ ಗಟ್ಟಿ ಅದೀರಿ ಅವ್ವಾರ" ಎಂದ.

"ಹೌದ್ರಿ" ಎಂದೆ. ಅವನ ಗಾಡಿ ಓಣಿ ದಾಟುವವರೆಗೂ ಬಾಗಿಲಲ್ಲೇ ನಿಂತಿದ್ದೆ. ಅವಳಿಲ್ಲದ ಅಡುಗೆಮನೆಗೆ ಹೋಗಲು ಧೈರ್ಯ ಸಾಲಲಿಲ್ಲ.