ಸಂಜೀವಣ್ಣನ ಕತ್ತಲ ಪಾಠ

ಪಿಸ್ತೂಲು ಕಲಿಯಲು ಬಂದವರ ಕೈಗೆ ಸಂಜೀವಣ್ಣ ಮೊದಲ ವಾರ ಪಿಸ್ತೂಲನ್ನೇ ಕೊಡುತ್ತಿರಲಿಲ್ಲ, ಟಾರ್ಚು ಕೊಡುತ್ತಿದ್ದರು. ಮಸ್ಕತ್ತಿನ ನಮ್ಮ ಶೂಟಿಂಗ್ ಕ್ಲಬ್ಬಿನ ಒಮಾನಿ ಸದಸ್ಯರು ‘ಯಲ್ಲಾ, ಯಲ್ಲಾ’ ಎಂದು ಎಷ್ಟೇ ಅವಸರ ಮಾಡಲಿ, ಆಸಾಮಿ ಜಗ್ಗುತ್ತಿರಲಿಲ್ಲ.

ಅವರು ಬೆಳ್ತಂಗಡಿ ಕಡೆಯವರು. ಗಡಿ ಕಾಯುವ ಪಡೆಯಿಂದ ನಿವೃತ್ತರಾಗಿ ಬಂದು ಇಲ್ಲಿ ಮುಖ್ಯ ತರಬೇತುದಾರರಾಗಿದ್ದರು. ನಾನು ಹಾವೇರಿಯವನು, ಅವರ ಸಹಾಯಕ. ನನಗೆ ತುಳು ಬಾರದೆಂದು ನನ್ನೊಂದಿಗೆ ತಮ್ಮೂರ ಕನ್ನಡದಲ್ಲೇ ಮಾತಾಡುತ್ತಿದ್ದರು.

ಅವರು ಹೆಸರು ಮಾಡಿದ್ದು ಕತ್ತಲ ಕೋಣೆಯ ಪಾಠದಿಂದ. ಆಳೆತ್ತರದ ಮನುಷ್ಯರ ಚಿತ್ರಗಳು ಅಲ್ಲಿ ಗುರಿ. ಕೆಲವರ ಕೈಯಲ್ಲಿ ಪಿಸ್ತೂಲು, ಕೆಲವರ ಕೈಯಲ್ಲಿ ಮೊಬೈಲು, ಬೀಗದ ಕೈ. ಟಾರ್ಚು ಒತ್ತಬೇಕು, ಕೈಯಲ್ಲಿ ಏನಿದೆಯೆಂದು ಗಟ್ಟಿಯಾಗಿ ಕೂಗಬೇಕು, ಹೊಡೆಯುವ ಮಾತು ಆಮೇಲೆ.

‘ಮುಖ ಎಂತಕ್ಕೆ ನೋಡುದು? ಹೆಣ್ಣು ನೋಡ್ಲಿಕ್ಕೆ ಬಂದದ್ದಾ ನೀನು? ಕೈ ನೋಡು ಮಾರಾಯ, ಕೈ!’ ಎಂದು ಗದರುತ್ತಿದ್ದರು.

ಹೊಸತರಲ್ಲಿ ನಾನು ಬೀಗದ ಕೈ ಹಿಡಿದವನ ಎದೆಗೇ ಹೊಡೆದಿದ್ದೆ. ‘ಇವನ ಮನೆಗೆ ಹೋಗಿ ಹೇಳುದು ಯಾರು, ನೀನಾ?’ ಎಂದವರು ಮಧ್ಯಾಹ್ನದವರೆಗೆ ನನ್ನನ್ನು ಮಾತಾಡಿಸಲಿಲ್ಲ. ಊಟಕ್ಕೆ ಕೂತಾಗ ತಮ್ಮ ಡಬ್ಬಿಯ ಹುರಿದ ಬಂಗುಡೆ ಮೀನನ್ನು ನನ್ನ ತಟ್ಟೆಗೆ ಹಾಕಿದರು.

ಹೋದ ವರ್ಷ ಒಂದು ದಿನ ಅಭ್ಯಾಸ ಮಾಡುವಾಗ ನಾನು ಗಡಿಬಿಡಿಯಲ್ಲಿ ‘ಮೊಬೈಲ್!’ ಎಂದು ಕೂಗಿದೆ. ಹಿಂದೆ ನಿಂತಿದ್ದ ಸಂಜೀವಣ್ಣ, ‘ಸರಿ, ಹೊಡಿಬೇಡ’ ಎಂದರು. ಲೈಟು ಹಾಕಿ ನೋಡಿದರೆ ಚಿತ್ರದ ಕೈಯಲ್ಲಿದ್ದದ್ದು ಪಿಸ್ತೂಲು! ಅವರಿಗೆ ಅದು ಕಂಡಿರಲೇ ಇಲ್ಲ.

ಅಲ್ಲೇ ಕೇಳಬಹುದಿತ್ತು. ಕೇಳಲಿಲ್ಲ. ಮುಂದೆ ಮೂರು ದಿನ ಬೇಕೆಂದೇ ತಪ್ಪು ಕೂಗಿ ಅವರನ್ನು ಪರೀಕ್ಷೆ ಮಾಡಿದೆ. ಮೂರೂ ದಿನ ಅವರು ‘ಸರಿ, ಹೊಡಿಬೇಡ’ ಎಂದರು. ನಾಲ್ಕನೆಯ ದಿನ ಮ್ಯಾನೇಜರ ಬಳಿ ಹೋಗಿ, ‘ಸಂಜೀವಣ್ಣನಿಗೆ ಕಣ್ಣು ಕಾಣುವುದಿಲ್ಲ, ನಾಳೆ ಯಾರಿಗಾದರೂ ಗುಂಡು ತಗುಲಿದರೆ ಗತಿಯೇನು?’ ಎಂದೆ. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಅವರು ಹೋದರೆ ಆ ಜಾಗ ನನ್ನದೇ ಎಂಬ ಲೆಕ್ಕ ತಲೆಯಲ್ಲಿತ್ತು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಇವತ್ತಿಗೂ ನೆನೆದರೆ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಕಣ್ಣಿನ ಪರೀಕ್ಷೆಯಾಯಿತು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ವಾರದೊಳಗೆ ವೀಸಾ ರದ್ದು, ಖಲಾಸ್.

ಅವರು ಹೊರಡುವ ದಿನ ಬೆಳಿಗ್ಗೆ ರೂಮಿಗೆ ಹೋದೆ. ಹೋಗದಿದ್ದರೆ ಅನುಮಾನ ಬಂದೀತೆಂಬ ಭಯ. ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದವರು ತಲೆಯೆತ್ತದೆ ಹೇಳಿದರು: ‘ಎರಡು ತಿಂಗಳಲ್ಲಿ ರಜೆ ಇತ್ತು. ಮಂಗಳೂರಲ್ಲಿ ಪೊರೆ ತೆಗೆಸಿ ವಾಪಸ್ ಬರುವ ಅಂತ ಇದ್ದೆ. ಅಷ್ಟು ದಿನ ಅಡಗಿಸಿ ಇಟ್ಟದ್ದು ನನ್ನದೇ ತಪ್ಪು. ಕೋವಿ ಹಿಡಿಯುವ ಜಾಗ ಅಲ್ವಾ ಅದು? ನೀನು ಮ್ಯಾನೇಜರಿಗೆ ಹೇಳಿದ್ದು ಸರಿಯೇ.’

ನಾನು ಬಗ್ಗಿ ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡೆ.

‘ಆದ್ರೆ ನೀನು ಸುಳ್ಳು ಕೂಗುದು ಸ್ವರದಲ್ಲೇ ಗೊತ್ತಾಗ್ತಿತ್ತು ಮಾರಾಯ. ಇವತ್ತು ಕೇಳ್ತಾನೆ, ನಾಳೆ ಕೇಳ್ತಾನೆ ಅಂತ ಕಾದೆ. ನೀನು ಕೇಳಿದ್ರೆ ನಾನೇ ಹೋಗಿ ರಜೆ ಬರೆದು ಕೊಡ್ತಿದ್ದೆ.’

ಪೆಟ್ಟಿಗೆ ಹೊತ್ತು ಕೆಳಗೆ ತಂದೆ. ಟ್ಯಾಕ್ಸಿ ಬಾಗಿಲು ಹಿಡಿದುಕೊಂಡು ಅವರು ಕೇಳಿದರು: ‘ನಾಳೆಯಿಂದ ನೀನೇ ಅಲ್ವಾ ಕಲಿಸುದು?’

ನೇಮಕದ ಕಾಗದ ಹಿಂದಿನ ದಿನವೇ ನನ್ನ ಕೈ ಸೇರಿತ್ತು.

‘ಇನ್ನೂ ಏನೂ ತೀರ್ಮಾನ ಆಗಿಲ್ಲ, ಸಂಜೀವಣ್ಣ’ ಎಂದೆ.

ಅವರು ನನ್ನ ಸ್ವರಕ್ಕೆ ಕಿವಿಗೊಟ್ಟವರಂತೆ ತಲೆ ವಾರೆ ಮಾಡಿದರು. ಆಮೇಲೆ ‘ಆಯ್ತು’ ಎಂದು ಟ್ಯಾಕ್ಸಿ ಹತ್ತಿದರು.